ನೀರು ಬದಲಾಯಿತೋ, ಯಂತ್ರ ಬದಲಾಯಿತೋ?

ಹವಳದ ಅಕ್ವೇರಿಯಂ ಇಟ್ಟುಕೊಂಡವರ ಮೊಬೈಲಿಗೆ ಈಗ ದಿನಕ್ಕೆ ಮೂರ್ನಾಲ್ಕು ಬಾರಿ ಒಂದು ಅಂಕಿ ಬಂದು ಕೂರುತ್ತದೆ. ಬೆಳಗ್ಗೆ 8.1, ಮಧ್ಯಾಹ್ನ 7.9, ರಾತ್ರಿ ಮತ್ತೆ 8. ತೊಟ್ಟಿಯ ಪಕ್ಕದಲ್ಲಿ ಕೂತ ಪುಟ್ಟ ಪೆಟ್ಟಿಗೆಯೊಂದು ತಾನೇ ನೀರು ಎಳೆದುಕೊಂಡು, ತಾನೇ ಆಮ್ಲ ಬೆರೆಸಿ, ತಾನೇ ಲೆಕ್ಕ ಹಾಕಿ ಕಳಿಸಿದ ಕ್ಷಾರತೆಯ ಅಂಕಿ ಅದು. ಒಂದೆರಡು ತಿಂಗಳಲ್ಲಿ ಅದು ಮೆಲ್ಲನೆ 8.5ಕ್ಕೆ ಏರಿತು ಎಂದುಕೊಳ್ಳಿ. ಸಾಮಾನ್ಯವಾಗಿ ಎಲ್ಲರೂ ನೀರನ್ನೇ ಅನುಮಾನಿಸುತ್ತಾರೆ; ಕ್ಷಾರತೆ ಉಳಿಸಿಕೊಳ್ಳಲು ಹಾಕುವ ಸೋಡಾ ದ್ರಾವಣದ ಪ್ರಮಾಣವನ್ನು ಇಳಿಸುತ್ತಾರೆ. ಆದರೆ ನೀರು ಇದ್ದ ಹಾಗೇ ಇದ್ದು, ಪೆಟ್ಟಿಗೆಯೊಳಗಿನ ಬೆರಳುದ್ದದ ಕೊಳವೆಯೊಂದು ಸವೆದರೂ ಅದೇ 8.5 ಬರುತ್ತದೆ. ಆಗ ಇಳಿಸಿದ ಸೋಡಾ ಹವಳದ ಬಾಯಿಂದ ಕಿತ್ತುಕೊಂಡ ತುತ್ತು.

ಈ ಎರಡು ಸಾಧ್ಯತೆಗಳನ್ನು ಬೇರ್ಪಡಿಸಿ ನೋಡುವುದೇ ಸ್ವಯಂಚಾಲಿತ ಪರೀಕ್ಷಾ ಯಂತ್ರ ಕೊಂಡವರು ಕಲಿಯಬೇಕಾದ ಮುಖ್ಯ ವಿದ್ಯೆ ಎಂದು ನನಗನಿಸುತ್ತದೆ. ಯಂತ್ರದ ಸರ್ವಿಸನ್ನು ಕಾರು ತೊಳೆಸುವಂತೆ ಪುರುಸೊತ್ತಾದಾಗ ಮಾಡುವ ಕೆಲಸ ಎಂದು ಭಾವಿಸುವವರು ಬಹಳ. ಅದು ಹಾಗಲ್ಲ. ಅಳತೆಯ ಅರ್ಧ ಭಾಗವೇ ಸರ್ವಿಸು.

ಕ್ಷಾರತೆಯ ಮೇಲೆ ಯಾಕಿಷ್ಟು ಕಣ್ಣು ಎಂಬುದನ್ನು ಮೊದಲು ಹೇಳಬೇಕು. ಕಲ್ಲುಹವಳ ತನ್ನ ಅಸ್ಥಿಯನ್ನು ಕ್ಯಾಲ್ಸಿಯಂ ಕಾರ್ಬೊನೇಟಿನಿಂದ ಕಟ್ಟುತ್ತದೆ. ಅದಕ್ಕೆ ನೀರಿನಿಂದ ಕ್ಯಾಲ್ಸಿಯಂ ಬೇಕು, ಬೈಕಾರ್ಬೊನೇಟೂ ಬೇಕು. ಸಹಜ ಸಮುದ್ರದ ನೀರಿನಲ್ಲಿ ಕ್ಯಾಲ್ಸಿಯಂ ಲೀಟರಿಗೆ ಸುಮಾರು 420 ಮಿಲಿಗ್ರಾಂ, ಮೆಗ್ನೀಸಿಯಂ 1,300ರ ಆಸುಪಾಸು, ಕ್ಷಾರತೆ ಆರೂವರೆ-ಏಳು ಡಿಕೆಎಚ್. ಒಂದು ಡಿಕೆಎಚ್ ಎಂದರೆ ಲೀಟರಿಗೆ ಸುಮಾರು 18 ಮಿಲಿಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟಿಗೆ ಸಮನಾದ ಕ್ಷಾರತೆ. ಹವಳ ಬೆಳೆಯುವಾಗ 2.8 ಡಿಕೆಎಚ್ ಖರ್ಚಾದರೆ ಕ್ಯಾಲ್ಸಿಯಂ ಬರೀ 20 ಮಿಲಿಗ್ರಾಂ ಇಳಿಯುತ್ತದೆ. ಅಂದರೆ ಚೆನ್ನಾಗಿ ಬೆಳೆದ ತೊಟ್ಟಿಯೊಂದು ದಿನಕ್ಕೆ ಒಂದು ಡಿಕೆಎಚ್ ತಿಂದರೆ ಕ್ಷಾರತೆ ಎಂಟರಿಂದ ಏಳಕ್ಕೆ ಕುಸಿಯುತ್ತದೆ, ಕ್ಯಾಲ್ಸಿಯಂ 420ರಿಂದ 413ಕ್ಕೆ ಬರುತ್ತದೆ ಅಷ್ಟೆ. ಮೊದಲು ಕೂಗು ಹಾಕುವುದು ಕ್ಷಾರತೆ. ಹಾಗಾಗಿಯೇ ಯಂತ್ರಗಳು ಅದನ್ನು ಅಷ್ಟು ಪದೇ ಪದೇ ಅಳೆಯುತ್ತವೆ. ಈ 2.8ಕ್ಕೆ 20ರ ಲೆಕ್ಕ ನೆನಪಿನಲ್ಲಿರಲಿ, ಮುಂದೆ ಯಂತ್ರದ ಸುಳ್ಳು ಹಿಡಿಯಲು ಬೇಕಾಗುತ್ತದೆ.

ಪೆಟ್ಟಿಗೆಯೊಳಗೆ ನಡೆಯುವುದು ಕಾಲೇಜಿನ ಪ್ರಯೋಗಾಲಯದಲ್ಲಿ ಎಲ್ಲರೂ ಮಾಡಿದ ಟೈಟ್ರೇಷನ್ನೇ. ಗೊತ್ತಾದ ಅಳತೆಯ ನೀರಿಗೆ ಗೊತ್ತಾದ ಸಾಂದ್ರತೆಯ ಆಮ್ಲವನ್ನು ಹನಿಹನಿಯಾಗಿ ಬಿಡುವುದು. ಪಿಎಚ್ ಸುಮಾರು 4.4ಕ್ಕೆ ಇಳಿದಾಗ ನಿಲ್ಲಿಸುವುದು. ಎಷ್ಟು ಆಮ್ಲ ಹೋಯಿತೋ ಅದರಿಂದ ಕ್ಷಾರತೆಯನ್ನು ಲೆಕ್ಕ ಹಾಕುವುದು. ಆಲ್ಕಟ್ರಾನಿಕ್, ಕೆಎಚ್ ಡೈರೆಕ್ಟರ್ ತರಹದ ಯಂತ್ರಗಳು ಕೊನೆಯ ಬಿಂದುವನ್ನು ಪಿಎಚ್ ಎಲೆಕ್ಟ್ರೋಡಿನಿಂದ ತಿಳಿಯುತ್ತವೆ. ಟ್ರೈಡೆಂಟ್ ತರಹದವು ಬಣ್ಣದ ಬದಲಾವಣೆಯನ್ನು ಬೆಳಕಿನಿಂದ ನೋಡುತ್ತವೆ, ಕ್ಷಾರತೆಯ ಜೊತೆಗೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಕೂಡ ಅಳೆಯುತ್ತವೆ. ಆದರೆ ಬ್ಯೂರೆಟ್ಟಿನಲ್ಲಿ ನಮ್ಮ ಕಣ್ಣಿಗೆ ಆಮ್ಲದ ಮಟ್ಟ ಕಾಣುತ್ತಿತ್ತು. ಯಂತ್ರಕ್ಕೆ ಆ ಕಣ್ಣಿಲ್ಲ. ಅದು ಎಣಿಸುವುದು ಆಮ್ಲವನ್ನಲ್ಲ, ಮೋಟಾರು ತಿರುಗಿದ ಸುತ್ತುಗಳನ್ನು. ಒಂದು ಸುತ್ತಿಗೆ ಇಷ್ಟು ಆಮ್ಲ ಎಂದು ನಾವು ಹಿಂದೆಂದೋ ಹೇಳಿಕೊಟ್ಟ ಮಾತನ್ನು ನಂಬಿ ಅದು ಬದುಕುತ್ತದೆ.

ಆ ನಂಬಿಕೆ ನಿಂತಿರುವುದು ಪೆರಿಸ್ಟಾಲ್ಟಿಕ್ ಪಂಪಿನ ಕೊಳವೆಯ ಮೇಲೆ. ಮೆತ್ತನೆಯ ಕೊಳವೆಯನ್ನು ಉರುಳೆಗಳು ಒತ್ತುತ್ತಾ ಸಾಗಿದಾಗ ದ್ರವ ಮುಂದಕ್ಕೆ ಹೋಗುತ್ತದೆ. ಒತ್ತಿಸಿಕೊಂಡ ಕೊಳವೆ ಪೂರ್ತಿ ಅರಳಿ ಮೊದಲಿನ ಗಾತ್ರಕ್ಕೆ ಬಂದರಷ್ಟೇ ಮುಂದಿನ ಸುತ್ತಿನಲ್ಲೂ ಅಷ್ಟೇ ದ್ರವ. ಸಾವಿರಾರು ಸುತ್ತುಗಳ ನಂತರ ಅದು ಬಳಲಿ ಚಪ್ಪಟೆಯಾಗುತ್ತದೆ, ಪ್ರತಿ ಸುತ್ತಿಗೂ ಒಂದಿಷ್ಟು ಕಡಿಮೆ ಕೊಡುತ್ತದೆ. ಆಮ್ಲದ ಕೊಳವೆ ಹೀಗೆ ಶೇಕಡ 5ರಷ್ಟು ಕಡಿಮೆ ಕೊಟ್ಟರೆ ಕೊನೆಯ ಬಿಂದು ಮುಟ್ಟಲು ಹೆಚ್ಚು ಸುತ್ತು ಬೇಕು. ಯಂತ್ರ ಅದನ್ನು ಹೆಚ್ಚು ಆಮ್ಲ ಎಂದೇ ಓದುತ್ತದೆ. 8 ಇರುವುದನ್ನು 8.4 ಎನ್ನುತ್ತದೆ. ಮಾದರಿ ನೀರನ್ನು ಎಳೆಯುವ ಕೊಳವೆ ಸವೆದರೆ ತಪ್ಪು ತಿರುಗುಮುರುಗು. ಪಾತ್ರೆಗೆ ಬರುವ ನೀರೇ ಕಡಿಮೆ, ಅದಕ್ಕೆ ತಗಲುವ ಆಮ್ಲವೂ ಕಡಿಮೆ, ಆದ್ದರಿಂದ ಅಂಕಿ ಕೆಳಗೆ. ಎರಡೂ ಒಂದೇ ಪ್ರಮಾಣದಲ್ಲಿ ಸವೆದರೆ ತಪ್ಪುಗಳು ಒಂದನ್ನೊಂದು ನುಂಗಿಬಿಡುತ್ತವೆ, ಅಂಕಿ ಸರಿಯಾಗಿಯೇ ಕಾಣುತ್ತದೆ. ಇಂಥ ಯಂತ್ರದಲ್ಲಿ ಒಂದೇ ಕೊಳವೆ ಹಳತಾಯಿತೆಂದು ಅದೊಂದನ್ನೇ ಬದಲಿಸಿ, ಪಂಪನ್ನು ಮತ್ತೆ ಅಳೆಯದೆ ಬಿಟ್ಟರೆ, ಸರ್ವಿಸಿನ ಮುಂಚೆ ಸರಿ ಹೇಳುತ್ತಿದ್ದ ಯಂತ್ರ ಸರ್ವಿಸಿನ ನಂತರ ತಪ್ಪು ಹೇಳತೊಡಗುತ್ತದೆ. ಕೊಳವೆಗಳನ್ನು ಒಟ್ಟಿಗೇ ಬದಲಿಸಿ ಎಂದು ನಾನು ಹೇಳುವುದು ಇದಕ್ಕೇ.

ಅಮೆರಿಕದ ಕ್ಲೀವ್‌ಲ್ಯಾಂಡಿನ ಲೆನಾರ್ಡ್ ಸ್ಕೆಗ್ಸ್ ರೂಪಿಸಿ, ಟೆಕ್ನಿಕಾನ್ ಕಂಪನಿ 1957ರಲ್ಲಿ ಮಾರುಕಟ್ಟೆಗೆ ತಂದ ಆಟೋಅನಲೈಸರ್ ಕೂಡ ಇದೇ ಪಂಪಿನ ಮೇಲೆ ನಿಂತಿತ್ತು. ಆಸ್ಪತ್ರೆಗಳಲ್ಲಿ ರಕ್ತದ ಯೂರಿಯಾ, ಗ್ಲೂಕೋಸನ್ನು ಸಾಲಾಗಿ ಅಳೆಯಲು ಮಾಡಿದ ಯಂತ್ರ ಅದು. ಮಾದರಿಯ ಕೊಳವೆ, ರಾಸಾಯನಿಕದ ಕೊಳವೆ ಎಲ್ಲವನ್ನೂ ಒಂದೇ ಉರುಳೆಗಳ ಸಾಲು ಒತ್ತುತ್ತಿತ್ತು. ಎಷ್ಟು ದ್ರವ ಹರಿಯಿತು ಎನ್ನುವುದಕ್ಕಿಂತ ಯಾವುದರ ಜೊತೆ ಯಾವುದು ಯಾವ ಪ್ರಮಾಣದಲ್ಲಿ ಹರಿಯಿತು ಎನ್ನುವುದು ಮುಖ್ಯ ಎಂಬ ತಿಳಿವಳಿಕೆ ಅದರೊಳಗಿತ್ತು. ಒಬ್ಬ ರೋಗಿಯ ಮಾದರಿ ಮುಂದಿನದರ ಜೊತೆ ಬೆರೆಯದಂತೆ ನಡುವೆ ಗಾಳಿಯ ಗುಳ್ಳೆಗಳನ್ನು ಬೇಕೆಂದೇ ಬಿಡುತ್ತಿದ್ದರು. ಸಾಗರ ಸಂಶೋಧನಾ ಹಡಗುಗಳಲ್ಲಿ ನೀರಿನ ನೈಟ್ರೇಟ್, ಫಾಸ್ಫೇಟ್ ಅಳೆಯುವವರು ಇಂದಿಗೂ ಈ ವಿಧಾನವನ್ನು ಬಳಸುತ್ತಾರೆ.

ನಮ್ಮ ಪೆಟ್ಟಿಗೆಯಲ್ಲಿ ಮಾತ್ರ ಗುಳ್ಳೆ ಶತ್ರು. ಆಮ್ಲದ ನಾಳದಲ್ಲಿ ಒಂದು ಗುಳ್ಳೆ ಸೇರಿದರೂ ಯಂತ್ರ ಅದನ್ನು ಆಮ್ಲವೆಂದೇ ಎಣಿಸಿ ಅಂಕಿಯನ್ನು ಮೇಲಕ್ಕೆ ಹಾರಿಸುತ್ತದೆ. ಬಾಟಲಿ ಖಾಲಿಯಾಗುತ್ತ ಬಂದಾಗ, ಜೋಡಣೆಯ ತುದಿ ಸಡಿಲವಾದಾಗ, ಹೊಸ ಬಾಟಲಿ ಹಾಕಿ ನಾಳವನ್ನು ಪೂರ್ತಿ ತುಂಬಿಸದಿದ್ದಾಗ ಗುಳ್ಳೆ ನುಗ್ಗುತ್ತದೆ. ಬಾಟಲಿಯ ಮುಚ್ಚಳ ಸಡಿಲವಿದ್ದರೆ ನೀರಿನಂಶ ಆರಿ ಆಮ್ಲ ಗಟ್ಟಿಯಾಗುತ್ತದೆ. ಸ್ವಲ್ಪವೇ ಸಾಕಾಗುವುದರಿಂದ ಅಂಕಿ ಕೆಳಗಿಳಿಯುತ್ತದೆ. ಕ್ಯಾಲ್ಸಿಯಂ ಅಳೆಯುವ ಬಹುತೇಕ ವಿಧಾನಗಳಲ್ಲಿ ಬಲವಾದ ಕ್ಷಾರ ಬೇಕು. ಅದು ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ದುರ್ಬಲವಾಗುತ್ತದೆ. ಬಲವಾದ ಕ್ಷಾರ ಸಮುದ್ರದ ನೀರಿಗೆ ಬಿದ್ದಾಗ ಮೆಗ್ನೀಸಿಯಂ ಹೈಡ್ರಾಕ್ಸೈಡ್ ಬೆಳ್ಳಗೆ ಒಡೆದು ಪಾತ್ರೆಯ ಗೋಡೆಗೆ ಮೆತ್ತಿಕೊಳ್ಳುತ್ತದೆ. ಅದನ್ನು ತೆಗೆಯಲು ಉಜ್ಜಬೇಕಿಲ್ಲ, ಉಜ್ಜಿದರೆ ಗೀರು ಬೀಳುತ್ತದೆ. ತೆಳುವಾದ ಸಿಟ್ರಿಕ್ ಆಮ್ಲ ಅಥವಾ ವಿನೆಗರ್ ಹಾಯಿಸಿ, ಸ್ವಲ್ಪ ಹೊತ್ತು ನಿಲ್ಲಿಸಿ, ಶುದ್ಧ ನೀರಿನಿಂದ ಹಲವು ಬಾರಿ ತೊಳೆದರೆ ಹೋಗುತ್ತದೆ. ಆಮ್ಲದ ಪಸೆ ಉಳಿದರೆ ಮುಂದಿನ ಅಳತೆಯಲ್ಲಿ ಕ್ಷಾರತೆ ಕಡಿಮೆ ತೋರಿಸುತ್ತದೆ, ಆದ್ದರಿಂದ ತೊಳೆದ ಮೇಲಿನ ಮೊದಲ ಒಂದೆರಡು ಅಂಕಿಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಾರದು.

ಹೊಸ ಕೊಳವೆಯ ಬಗ್ಗೆ ಇನ್ನೊಂದು ಮಾತು. ಮೊದಲ ಕೆಲವು ಗಂಟೆಗಳಲ್ಲಿ ಅದರ ಹರಿವು ಸ್ಥಿರವಾಗಿರುವುದಿಲ್ಲ. ಪಳಗಲು ಸಮಯ ಬೇಕು. ಹಾಕಿದ ತಕ್ಷಣ ಕ್ಯಾಲಿಬ್ರೇಟ್ ಮಾಡಿದರೆ ಪಳಗದ ಕೊಳವೆಯ ಅಳತೆ ದಾಖಲಾಗುತ್ತದೆ. ಬರೀ ನೀರು ಹಾಯಿಸುತ್ತ ಒಂದಷ್ಟು ಹೊತ್ತು ಓಡಿಸಿ, ಆಮೇಲೆ ತೂಕದಿಂದ ಅಳೆಯುವುದು ಒಳ್ಳೆಯದು. ಹತ್ತು ಮಿಲಿಲೀಟರ್ ಶುದ್ಧ ನೀರು ಹತ್ತಿರಹತ್ತಿರ ಹತ್ತು ಗ್ರಾಂ ತೂಗುತ್ತದೆ, ಚಿನ್ನ ತೂಗುವ ಮಾದರಿಯ ಅಗ್ಗದ ತಕ್ಕಡಿ ಇದಕ್ಕೆ ಸಾಕು. ಸಿರಿಂಜಿನ ಗೆರೆ ನೋಡಿ ಅಂದಾಜಿಸುವುದಕ್ಕಿಂತ ತಕ್ಕಡಿಯ ಮಾತು ನಂಬಿಗಸ್ತ.

ಪಿಎಚ್ ಎಲೆಕ್ಟ್ರೋಡಿನ ಬಗ್ಗೆ ಜನರ ಆತಂಕ ಅದರ ಯೋಗ್ಯತೆಗಿಂತ ಹೆಚ್ಚು ಎಂದು ನನ್ನ ಅಭಿಪ್ರಾಯ. 25 ಡಿಗ್ರಿ ಉಷ್ಣತೆಯಲ್ಲಿ ಒಳ್ಳೆಯ ಗಾಜಿನ ಎಲೆಕ್ಟ್ರೋಡ್ ಒಂದು ಪಿಎಚ್ ಘಟಕಕ್ಕೆ ಸುಮಾರು 59 ಮಿಲಿವೋಲ್ಟ್ ಬದಲಾವಣೆ ಕೊಡುತ್ತದೆ, ವಯಸ್ಸಾದಂತೆ ಇದು ಇಳಿಯುತ್ತದೆ. ಆದರೆ ಟೈಟ್ರೇಷನ್ನಿನ ಕೊನೆಯಲ್ಲಿ ಪಿಎಚ್ ಕಡಿದಾಗಿ ಕುಸಿಯುವುದರಿಂದ ಎಲೆಕ್ಟ್ರೋಡ್ 0.1 ಪಿಎಚ್ ತಪ್ಪು ಹೇಳಿದರೂ ಕ್ಷಾರತೆಯಲ್ಲಿ ಬರುವ ತಪ್ಪು 0.1 ಡಿಕೆಎಚ್‌ಗಿಂತ ಕಡಿಮೆ. ಸವೆದ ಕೊಳವೆಯ 0.4ರ ಮುಂದೆ ಇದೇನೂ ಅಲ್ಲ. ಎಲೆಕ್ಟ್ರೋಡಿನ ನಿಜವಾದ ತೊಂದರೆ ನಿಧಾನ. ಪೊರೆ ಕಟ್ಟಿದ ಎಲೆಕ್ಟ್ರೋಡ್ ತಡವಾಗಿ ಪ್ರತಿಕ್ರಿಯಿಸುತ್ತದೆ, ಅಷ್ಟರಲ್ಲಿ ಯಂತ್ರ ಇನ್ನೆರಡು ಹನಿ ಆಮ್ಲ ಬಿಟ್ಟಾಗಿರುತ್ತದೆ. ಪಿಎಚ್ 7 ಮತ್ತು 4ರ ಬಫರುಗಳಲ್ಲಿ ಕ್ಯಾಲಿಬ್ರೇಟ್ ಮಾಡುವಾಗ ಅಂಕಿ ಎಷ್ಟು ಹೊತ್ತಿಗೆ ನೆಲೆನಿಲ್ಲುತ್ತದೆ ಎಂಬುದನ್ನು ಗಮನಿಸಿದರೆ ಇದು ಗೊತ್ತಾಗುತ್ತದೆ. ಸುಣ್ಣದ ಪದರಕ್ಕೆ ತೆಳುವಾದ ಹೈಡ್ರೋಕ್ಲೋರಿಕ್ ಆಮ್ಲ. ಪಾಚಿ, ಲೋಳೆಗೆ ನೀರು ಬೆರೆಸಿದ ಬ್ಲೀಚ್. ಎರಡನ್ನೂ ಒಟ್ಟಿಗೆ ಎಂದಿಗೂ ಬಳಸಬಾರದು, ವಿಷಕಾರಿ ಕ್ಲೋರಿನ್ ಅನಿಲ ಬರುತ್ತದೆ. ಮೊದಲನೆಯದನ್ನು ಪೂರ್ತಿ ತೊಳೆದ ಮೇಲಷ್ಟೇ ಎರಡನೆಯದು. ಯಂತ್ರ ಕೆಲವು ದಿನ ನಿಂತರೆ ಎಲೆಕ್ಟ್ರೋಡ್ ಒಣಗಬಾರದು, ಡಿಸ್ಟಿಲ್ಡ್ ನೀರಿನಲ್ಲೂ ಇಡಬಾರದು. 3 ಮೋಲಾರ್ ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣವೇ ಅದರ ಮನೆ.

ಇನ್ನು ಸುಳ್ಳು ಹಿಡಿಯುವ ವಿಚಾರ. ತೊಟ್ಟಿಗೆ ತನ್ನದೇ ಲಯವಿದೆ. ದೀಪ ಬೆಳಗಿದಾಗ ಹವಳ ವೇಗವಾಗಿ ಅಸ್ಥಿ ಕಟ್ಟುತ್ತದೆ, ಕ್ಷಾರತೆ ಚುರುಕಾಗಿ ಇಳಿಯುತ್ತದೆ; ಕತ್ತಲಲ್ಲಿ ಇಳಿತ ಮಂದ. ಗ್ರಾಫಿನಲ್ಲಿ ಈ ಏರಿಳಿತ ಹಾಗೇ ಉಳಿದು, ಇಡೀ ಗೆರೆ ವಾರಗಟ್ಟಲೆ ಮೆಲ್ಲಗೆ ಮೇಲಕ್ಕೋ ಕೆಳಕ್ಕೋ ಸರಿಯುತ್ತಿದ್ದರೆ ಮೊದಲು ಕೊಳವೆಯನ್ನು ನೋಡಬೇಕು. ರೀಏಜೆಂಟ್ ಬಾಟಲಿ ಬದಲಿಸಿದ ದಿನವೇ ಮೆಟ್ಟಿಲಿನಂತೆ ಜಿಗಿದಿದ್ದರೆ ಕ್ಯಾಲಿಬ್ರೇಷನ್ನನ್ನು ಅನುಮಾನಿಸಬೇಕು. ಒಂದು ಅಳತೆ 8, ಮುಂದಿನದು 9.1, ಮತ್ತೆ 7.8 ಎಂದು ಗರಗಸದ ಹಲ್ಲಿನಂತೆ ಬಂದರೆ ಗುಳ್ಳೆ, ಇಲ್ಲವೇ ಕಟ್ಟಿಕೊಂಡ ಮಾದರಿ ಫಿಲ್ಟರ್. ಸೋಡಾ ದ್ರಾವಣ ಬೀಳುವ ಜಾಗದ ಪಕ್ಕದಲ್ಲೇ ಮಾದರಿಯ ನಾಳದ ಬಾಯಿ ಇದ್ದರೂ ಹೀಗೇ ಆಗುತ್ತದೆ. ಅದು ತೊಟ್ಟಿಯ ನೀರಲ್ಲ, ಇನ್ನೂ ಬೆರೆಯದ ಸೋಡಾ.

ಮೂರೂ ಅಂಕಿ ಅಳೆಯುವ ಯಂತ್ರವಿದ್ದರೆ ಪತ್ತೆ ಇನ್ನೂ ಸುಲಭ. ಒಂದೇ ದಿನದಲ್ಲಿ ಕ್ಯಾಲ್ಸಿಯಂ 40 ಇಳಿದು ಕ್ಷಾರತೆ ಅಲ್ಲೇ ಇದ್ದರೆ, ಆ ದಿನ ಸೋಡಾ ಎಂದಿನಷ್ಟೇ ಹೋಗಿದ್ದರೆ, ಅದನ್ನು ನಂಬಬೇಕಿಲ್ಲ. ಅಷ್ಟು ಕ್ಯಾಲ್ಸಿಯಂ ಹವಳಕ್ಕೆ ಸೇರಲು 5.6 ಡಿಕೆಎಚ್ ಕರಗಬೇಕಿತ್ತು. ಕ್ಷಾರತೆ, ಕ್ಯಾಲ್ಸಿಯಂ, ಮೆಗ್ನೀಸಿಯಂ ಮೂರೂ ಒಂದೇ ಪ್ರಮಾಣದಲ್ಲಿ, ಶೇಕಡ 5ರಷ್ಟು, ಒಟ್ಟಿಗೆ ಇಳಿದರೆ ಎರಡೇ ಕಾರಣ ಸಾಧ್ಯ: ತೊಟ್ಟಿಯ ಲವಣಾಂಶ ಇಳಿದಿದೆ ಅಥವಾ ಮಾದರಿ ಪಂಪ್ ನೀರು ಕಡಿಮೆ ಎಳೆಯುತ್ತಿದೆ. ರಿಫ್ರ್ಯಾಕ್ಟೋಮೀಟರಿನಲ್ಲಿ ಲವಣಾಂಶ ನೋಡಿ, 35 ಇದ್ದದ್ದು 35 ಆಗಿಯೇ ಇದ್ದರೆ ತಪ್ಪು ಪಂಪಿನದು. ಐದು ನಿಮಿಷದ ಈ ಪರೀಕ್ಷೆ ಮಾಡದೆ ಮೂರು ಬಗೆಯ ರಾಸಾಯನಿಕಗಳನ್ನು ತೊಟ್ಟಿಗೆ ಸುರಿಯುವುದು ನನಗೆ ನಿಜವಾಗಿ ನೋವು ಕೊಡುವ ಸಂಗತಿ. ಮೆಗ್ನೀಸಿಯಂ ಅಂಕಿ ಮಾತ್ರ ಸ್ವಲ್ಪ ಹಾರಾಡಿದರೆ ಗಾಬರಿ ಬೇಡ. ಸಾಂಪ್ರದಾಯಿಕ ವಿಧಾನದಲ್ಲಿ ಅದು ನೇರ ಅಳತೆಯಲ್ಲ, ಒಟ್ಟು ಮೊತ್ತದಿಂದ ಕ್ಯಾಲ್ಸಿಯಂ ಕಳೆದು ಬಂದ ಶೇಷ. ಎರಡು ಅಳತೆಗಳ ತಪ್ಪೂ ಅದರ ತಲೆಗೇ ಬೀಳುತ್ತದೆ.

ಅನುಮಾನ ಬಂದಾಗ ತೀರ್ಪು ಹೇಳುವುದು ಉತ್ತರ ಮೊದಲೇ ಗೊತ್ತಿರುವ ನೀರು. ಸಾಗರ ವಿಜ್ಞಾನಿಗಳಿಗೆ ಇದು ಚೆನ್ನಾಗಿ ಗೊತ್ತು. ಕ್ಯಾಲಿಫೋರ್ನಿಯಾದ ಲಾ ಹೋಯಾದಲ್ಲಿರುವ ಸ್ಕ್ರಿಪ್ಸ್ ಸಾಗರಶಾಸ್ತ್ರ ಸಂಸ್ಥೆಯ ಆಂಡ್ರ್ಯೂ ಡಿಕ್ಸನ್ ಅವರ ಪ್ರಯೋಗಾಲಯ 1990ರ ಸುಮಾರಿನಿಂದ ಸಮುದ್ರದ ನೀರನ್ನೇ ಸೋಸಿ, ಜೀವಿಗಳು ಬೆಳೆದು ಅದನ್ನು ಬದಲಿಸದಂತೆ ಮರ್ಕ್ಯುರಿಕ್ ಕ್ಲೋರೈಡ್ ಬೆರೆಸಿ, ಸೀಸೆಗಳಲ್ಲಿ ತುಂಬಿ ಜಗತ್ತಿಗೆಲ್ಲ ಕಳಿಸುತ್ತ ಬಂದಿದೆ. ಸಮುದ್ರ ಆಮ್ಲೀಯವಾಗುತ್ತಿದೆ ಎಂದು ನಾವು ಓದುವ ವರದಿಗಳ ಹಿಂದಿನ ಅಳತೆಗಳನ್ನು ಈ ಸೀಸೆಗಳ ಎದುರು ಒರೆ ಹಚ್ಚಿ ನೋಡಲಾಗಿದೆ. 2020ರಲ್ಲಿ ಕೋವಿಡ್ ಕಾರಣಕ್ಕೆ ಪೂರೈಕೆಗೆ ಪೆಟ್ಟು ಬಿದ್ದಾಗ ಈ ಕ್ಷೇತ್ರವೇ ಒಂದು ಪ್ರಯೋಗಾಲಯವನ್ನು ಎಷ್ಟು ನೆಚ್ಚಿಕೊಂಡಿದೆ ಎಂಬುದು ಎದ್ದು ಕಂಡಿತು.

ಮನೆಯಲ್ಲಿ ಅಷ್ಟು ನಿಖರತೆ ಬೇಕಿಲ್ಲ. ಯಂತ್ರದ ಜೊತೆ ಬರುವ ಪ್ರಮಾಣಿತ ದ್ರಾವಣ ಇದ್ದರೆ ಸರಿ. ಇಲ್ಲವಾದರೆ 2.4 ಗ್ರಾಂ ಅಡಿಗೆ ಸೋಡಾವನ್ನು ಒಂದು ಲೀಟರ್ ಶುದ್ಧ ನೀರಿನಲ್ಲಿ ಕರಗಿಸಿ, ಅದರಲ್ಲಿ 100 ಮಿಲಿಲೀಟರ್ ತೆಗೆದು ಮತ್ತೆ ಒಂದು ಲೀಟರಿಗೆ ತುಂಬಿಸಿದರೆ 8 ಡಿಕೆಎಚ್ ದ್ರಾವಣ ಸಿದ್ಧ. ಬೇಕಿಂಗ್ ಪೌಡರ್ ಅಲ್ಲ, ಸೋಡಾ. ಇದು ಉಪ್ಪುನೀರಲ್ಲವಾದ್ದರಿಂದ ಯಂತ್ರ ಕರಾರುವಾಕ್ಕಾಗಿ 8 ತೋರಿಸದೆ ಇರಬಹುದು, ಆದರೆ ಪ್ರತಿ ಸಲವೂ ಅದೇ ಅಂಕಿ ತೋರಿಸುತ್ತಿದೆಯೇ ಎಂದು ನೋಡಲು ಸಾಕು. ಇದಕ್ಕಿಂತ ನನಗೆ ಇಷ್ಟವಾದ ವಿಧಾನ ಇನ್ನೂ ಸರಳ. ಸರ್ವಿಸಿಗೆ ಮುನ್ನ ತೊಟ್ಟಿಯ ಒಂದು ಲೀಟರ್ ನೀರನ್ನು ಸೋಸಿ, ಬಾಟಲಿಯಲ್ಲಿ ಮುಚ್ಚಿ ಫ್ರಿಜ್ಜಿನಲ್ಲಿಡುವುದು. ಅದನ್ನು ಸರ್ವಿಸಿನ ಮೊದಲೊಮ್ಮೆ, ನಂತರ ಕೋಣೆಯ ಉಷ್ಣತೆಗೆ ತಂದು ಇನ್ನೊಮ್ಮೆ ಅಳೆದರೆ ಬರುವ ವ್ಯತ್ಯಾಸ ಪೂರ್ತಿ ಯಂತ್ರದ್ದು. ಇಂಗಾಲದ ಡೈಆಕ್ಸೈಡ್ ಒಳಗೆ ಹೋದರೂ ಹೊರಗೆ ಬಂದರೂ ಪಿಎಚ್ ಬದಲಾಗುತ್ತದೆಯೇ ಹೊರತು ಕ್ಷಾರತೆ ಬದಲಾಗುವುದಿಲ್ಲ, ಹಾಗಾಗಿ ಬಾಟಲಿಯನ್ನು ತೆರೆದದ್ದಕ್ಕೆ ಹೆದರಬೇಕಿಲ್ಲ. ನೀರು ಆರದಂತೆ ನೋಡಿಕೊಂಡರಾಯಿತು. ಎರಡು ವಾರಕ್ಕೊಮ್ಮೆ ಕೈಯಲ್ಲಿ ಮಾಡುವ ಟೆಸ್ಟ್ ಕಿಟ್ಟಿನ ಅಂಕಿಯನ್ನೂ ಯಂತ್ರದ ಅಂಕಿಯ ಜೊತೆ ಒಂದು ಪುಸ್ತಕದಲ್ಲಿ ಬರೆದಿಟ್ಟರೆ ಕೊಳವೆ ಯಾವ ತಿಂಗಳಿನಿಂದ ಸವೆಯತೊಡಗಿತು ಎಂಬುದು ತಾನಾಗಿ ಕಾಣುತ್ತದೆ.

ಡೋಸಿಂಗ್ ಪಂಪಿನ ಲಗಾಮನ್ನು ಯಂತ್ರದ ಕೈಗೆ ಕೊಟ್ಟವರಿಗೆ ಇದೆಲ್ಲ ಇನ್ನೂ ಮುಖ್ಯ. ಅಂಕಿ ತಪ್ಪಾಗಿ ಇಳಿದರೆ ಪಂಪ್ ಸೋಡಾ ಸುರಿಯುತ್ತಲೇ ಹೋಗುತ್ತದೆ. ಕ್ಷಾರತೆ ಮಿತಿಮೀರಿ ಹವಳದ ತುದಿಗಳು ಸುಟ್ಟಂತೆ ಬೆಳ್ಳಗಾಗುತ್ತವೆ, ಇನ್ನೂ ಹೆಚ್ಚಾದರೆ ಕ್ಯಾಲ್ಸಿಯಂ ಕಾರ್ಬೊನೇಟ್ ನೀರಿನಲ್ಲೇ ಒಡೆದು ಇಡೀ ತೊಟ್ಟಿ ಹಾಲಾಗುತ್ತದೆ. ದಿನದ ಡೋಸಿನಲ್ಲಿ ಶೇಕಡ 10ಕ್ಕಿಂತ ಹೆಚ್ಚು ಬದಲಾವಣೆಗೆ ಯಂತ್ರಕ್ಕೆ ಅಧಿಕಾರ ಕೊಡಬಾರದು ಎಂಬುದು ನನ್ನ ನಿಲುವು. ಮಿತಿ ದಾಟಿದರೆ ಅದು ಮನುಷ್ಯನನ್ನು ಕರೆಯಲಿ.

ನಮ್ಮ ನಾಡಿನ ಓದುಗರಿಗೆ ಒಂದು ಎಚ್ಚರಿಕೆ ಅಗತ್ಯ. ಮುರುಡೇಶ್ವರದ ಬಳಿಯ ನೇತ್ರಾಣಿ ದ್ವೀಪದ ಸುತ್ತ ಇರುವಂಥ ಕಲ್ಲುಹವಳಗಳು 2001ರಿಂದ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯ ರಕ್ಷಣೆಯಲ್ಲಿವೆ. ನಮ್ಮ ಸಮುದ್ರದಿಂದ ಅವನ್ನು ಕಿತ್ತು ತಂದು ಸಾಕುವುದು ಅಪರಾಧ. ಆದರೆ ಈ ಯಂತ್ರವಿದ್ಯೆಗೆ ಇಲ್ಲಿ ಬೇರೆ ಉಪಯೋಗವಿದೆ. ಬಯೋಫ್ಲಾಕ್ ತೊಟ್ಟಿಗಳಲ್ಲಿ ಮೀನು, ಸಿಗಡಿ ಬೆಳೆಸುವವರಿಗೆ ಕ್ಷಾರತೆ ಜೀವಾಳ. ಒಂದು ಮಿಲಿಗ್ರಾಂ ಅಮೋನಿಯಾ ಸಾರಜನಕ ನೈಟ್ರೇಟಾಗುವಾಗ ಸುಮಾರು 7 ಮಿಲಿಗ್ರಾಂ ಕ್ಷಾರತೆ ಕರಗಿಹೋಗುತ್ತದೆ. ಅಲ್ಲಿನ ಕೆಸರುನೀರಿನಲ್ಲಿ ಸೆನ್ಸರಿನ ಮೇಲೆ ಲೋಳೆ ಕಟ್ಟಲು ಒಂದೆರಡು ದಿನ ಸಾಕು, ಆದ್ದರಿಂದ ಮೃದು ಬಟ್ಟೆಯಿಂದ ಒರೆಸುವುದು ದಿನದ ಕೆಲಸವೇ ಆಗಬೇಕು. ಕರೆಂಟು ಹೋಗಿ ಬರುವ ಊರುಗಳಲ್ಲಿ ಯಂತ್ರವನ್ನು ಯುಪಿಎಸ್‌ಗೆ ಜೋಡಿಸಿ. ಟೈಟ್ರೇಷನ್ ನಡುವೆ ನಿಂತರೆ ಪಾತ್ರೆಯಲ್ಲಿ ಆಮ್ಲ ಉಳಿಯುತ್ತದೆ. ಮತ್ತೆ ಶುರುವಾದ ಮೇಲಿನ ಮೊದಲ ಅಳತೆಯನ್ನು ತಿರಸ್ಕರಿಸಿ. ಕರಾವಳಿಯ ಸೆಖೆಯಲ್ಲಿ ಕನೆಕ್ಟರುಗಳ ಮೇಲೆ ಉಪ್ಪು ತೆವಳಿ ಹಸಿರು ಕಟ್ಟುವುದನ್ನೂ ತಿಂಗಳಿಗೊಮ್ಮೆ ನೋಡಬೇಕು. ತೊಳೆಯಲು ಇನ್ವರ್ಟರ್ ಬ್ಯಾಟರಿಯ ಡಿಸ್ಟಿಲ್ಡ್ ನೀರು ತರುವವರು ಮೊದಲು ಟಿಡಿಎಸ್ ಮೀಟರಿನಲ್ಲಿ ಅದರ ಶುದ್ಧತೆ ಪರೀಕ್ಷಿಸುವುದು ಒಳ್ಳೆಯದು.

ಯಂತ್ರ ಹೊರಹಾಕುವ ಬಳಸಿದ ದ್ರವವನ್ನು ತೊಟ್ಟಿಗೆ ಮರಳಿ ಬಿಡಬಾರದು, ಅದಕ್ಕೊಂದು ಬೇರೆ ಡಬ್ಬಿ ಇರಬೇಕು, ಮಕ್ಕಳ ಕೈಗೆ ಸಿಗಬಾರದು. ಬಾಟಲಿ ಬದಲಿಸುವಾಗ ಕೈಗವಸು, ಕನ್ನಡಕ ಹಾಕಿಕೊಳ್ಳಿ.

ಕೊನೆಯದಾಗಿ ಸರ್ವಿಸಿನ ಸಮಯ. ಊರಿಗೆ ಹೊರಡುವ ಹಿಂದಿನ ರಾತ್ರಿ ಎಲ್ಲ ಹೊಸದು ಮಾಡಿ ಹೋಗುವ ಉತ್ಸಾಹ ಹಲವರಿಗಿದೆ. ಹೊಸ ಕೊಳವೆ ಪಳಗಬೇಕು, ಹೊಸ ರೀಏಜೆಂಟ್ ಒರೆಗೆ ನಿಲ್ಲಬೇಕು, ಜೋಡಣೆಗಳು ಸೋರುವುದಾದರೆ ನಾವು ಮನೆಯಲ್ಲಿದ್ದಾಗಲೇ ಸೋರಬೇಕು. ಹೊರಡುವ ದಿನಕ್ಕೆ ಹತ್ತು ದಿನ ಮುಂಚೆ ಸರ್ವಿಸ್ ಮುಗಿಸಿ, ಆ ಹತ್ತು ದಿನದ ಅಂಕಿಗಳನ್ನು ಕೈಪರೀಕ್ಷೆಯ ಜೊತೆ ಎರಡು ಸಲ ಹೋಲಿಸಿ, ಡೋಸಿನ ಮೇಲಿನ ಮಿತಿಯನ್ನು ಇನ್ನಷ್ಟು ಬಿಗಿ ಮಾಡಿ ಹೋಗಿ. ಹೊರಡುವ ಮುನ್ನ ಬಾಟಲಿಗಳಲ್ಲಿ ಎಷ್ಟು ದಿನಕ್ಕಾಗುವ ದ್ರಾವಣವಿದೆ, ಬಳಸಿದ ದ್ರವದ ಡಬ್ಬಿಯಲ್ಲಿ ಎಷ್ಟು ಜಾಗವಿದೆ ಎಂಬುದನ್ನು ನೋಡಿ, ಮನೆ ನೋಡಿಕೊಳ್ಳುವವರಿಗೆ ಪಂಪಿನ ಸ್ವಿಚ್ ಯಾವುದು ಎಂದು ತೋರಿಸಿಕೊಡಿ.